ಹಳೆಯ ಲಿವರ್ ರೈಫಲ್: ಸಂಗ್ರಹ, ಬಳಕೆ, ಸುರಕ್ಷತೆ

ಪ್ರತಿ ಬಾರಿಯೂ ನಳಿಗೆಗೆ ಮದ್ದು ಸುರಿದು, ಗುಂಡು ಇಟ್ಟು, ಗಜದಿಂದ ಜಡಿಯಬೇಕಾಗಿದ್ದ ಕಾಲವೊಂದಿತ್ತು. ಕೈಯ ಒಂದೇ ಚಲನೆಯಿಂದ ಮುಂದಿನ ತೋಟಾವನ್ನು ಸಿದ್ಧಗೊಳಿಸುವ ರೈಫಲ್ 19ನೇ ಶತಮಾನದ ಅಮೆರಿಕದಲ್ಲಿ ರೂಪುಗೊಂಡಾಗ ಈ ತೊಡಕು ನೀಗಿತು. ಟ್ರಿಗರನ್ನು ಸುತ್ತುವರಿದ ಲೋಹದ ಬಳೆಯೇ ಇದರಲ್ಲಿ ಸನ್ನೆಗೋಲಿನಂತೆ ಕೆಲಸ ಮಾಡುವುದರಿಂದ ಇದಕ್ಕೆ ಲಿವರ್ ರೈಫಲ್ ಎಂಬ ಹೆಸರು ಬಂದಿತು. ಇಂಥ ಹಳೆಯ ರೈಫಲುಗಳನ್ನು ಸಂಗ್ರಹಿಸುವುದು ಹಾಗೂ ಅವುಗಳಿಂದ ಗುರಿ ಹೊಡೆಯುವುದು ಇಂದು ಆ ದೇಶದಲ್ಲಿ ಅನೇಕರ ಹವ್ಯಾಸವಾಗಿದೆ. ಆದರೆ ತೋಟಾ ಸರಿಯಾಗಿ ಕೂರುತ್ತದೆ ಎಂದ ಮಾತ್ರಕ್ಕೆ ಅದನ್ನು ಹಳೆಯ ರೈಫಲ್ ತಾಳಿಕೊಳ್ಳುತ್ತದೆ ಎಂದು ಭಾವಿಸುವಂತಿಲ್ಲ. ಈ ಹವ್ಯಾಸದ ಮೊದಲ ಪಾಠವೇ ಇದು.

ಬೆಳೆದು ಬಂದ ಬಗೆ

ಬೆಂಜಮಿನ್ ಟೈಲರ್ ಹೆನ್ರಿ ಎಂಬ ಕುಶಲಕರ್ಮಿ 1860ರಲ್ಲಿ ತನ್ನ ರೈಫಲಿಗೆ ಪೇಟೆಂಟ್ ಪಡೆದನು. ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ನಗರದಲ್ಲಿ ತಯಾರಾದ ಈ ರೈಫಲ್, 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಬಳಕೆಯಾಯಿತು. ಕಾರ್ಖಾನೆಯ ಒಡೆಯನಾಗಿದ್ದ ಆಲಿವರ್ ವಿಂಚೆಸ್ಟರನ ಹೆಸರಿನಲ್ಲಿ 1866ರಲ್ಲಿ ಸುಧಾರಿತ ಮಾದರಿಯೊಂದು ಹೊರಬಂದಿತು. ಹಿತ್ತಾಳೆಯಂತೆ ಹೊಳೆಯುವ ಅದರ ಚೌಕಟ್ಟಿನ ಕಾರಣ ಸಂಗ್ರಾಹಕರು ಅದನ್ನು 'ಹಳದಿ ಹುಡುಗ' ಎಂದು ಕರೆಯುತ್ತಾರೆ. 1873ರ ಮಾದರಿಯ ಚೌಕಟ್ಟು ಕಬ್ಬಿಣದ್ದು. ಇಂಥ 7 ಲಕ್ಷಕ್ಕೂ ಹೆಚ್ಚು ರೈಫಲುಗಳು ತಯಾರಾದವು. ಮುಂದೆ ಬಂದ 1886, 1892 ಮತ್ತು 1894ರ ಮಾದರಿಗಳನ್ನು ಯೂಟಾ ಪ್ರಾಂತದ ಜಾನ್ ಬ್ರೌನಿಂಗ್ ರೂಪಿಸಿದನು.

ಕೆಲಸ ಮಾಡುವ ಕ್ರಮ

ಲಿವರನ್ನು ಕೆಳಕ್ಕೆ ತಳ್ಳಿದಾಗ ಬೋಲ್ಟ್ ಹಿಂದೆ ಸರಿಯುತ್ತದೆ, ಖಾಲಿ ತೋಟಾ ಹೊರಕ್ಕೆ ಚಿಮ್ಮುತ್ತದೆ, ಬಡಿಯುವ ಸುತ್ತಿಗೆ ಹಿಂದಕ್ಕೆ ಬಾಗಿ ನಿಲ್ಲುತ್ತದೆ. ನಳಿಗೆಯ ಕೆಳಗಿನ ಉದ್ದ ಕೊಳವೆಯಿಂದ ಬಂದ ಹೊಸ ತೋಟಾ ಮೇಲೇರುತ್ತದೆ. ಲಿವರನ್ನು ಮರಳಿ ಎಳೆದಾಗ ಬೋಲ್ಟ್ ಅದನ್ನು ಒಳಕ್ಕೆ ದೂಡಿ ಬಿಗಿಯಾಗಿ ಮುಚ್ಚುತ್ತದೆ.

ಈ ಮುಚ್ಚುವ ವಿಧಾನದಲ್ಲಿಯೇ ಮಹತ್ವದ ವ್ಯತ್ಯಾಸವಿದೆ. 1873ರವರೆಗಿನ ವಿಂಚೆಸ್ಟರ್ ಮಾದರಿಗಳಲ್ಲಿ ಮೊಣಕಾಲಿನಂತೆ ಮಡಿಚಿ ನೀಳವಾಗುವ ಕೊಂಡಿಗಳು ಬೋಲ್ಟನ್ನು ಹಿಡಿದಿಡುತ್ತವೆ. ಬ್ರೌನಿಂಗನ ಮಾದರಿಗಳಲ್ಲಿ ಕೆಳಗಿನಿಂದ ಮೇಲೇರುವ ಉಕ್ಕಿನ ಗಟ್ಟಿ ತುಂಡುಗಳು ಬೋಲ್ಟಿಗೆ ಆಧಾರವಾಗಿ ನಿಲ್ಲುತ್ತವೆ. ಎರಡನೆಯ ವಿಧಾನ ಹೆಚ್ಚು ಬಲವಾದುದು.

ಹೆಸರು ಒಂದೇ, ಒತ್ತಡ ಬೇರೆ

1873ರ ಮಾದರಿಗೆಂದೇ ರೂಪಿಸಿದ '44-40' ತೋಟಾದಲ್ಲಿ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ ಕಪ್ಪು ಮದ್ದು ಇರುತ್ತಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆರಹಿತ ಮದ್ದನ್ನು ಸಿದ್ಧಪಡಿಸಿದ ಬಳಿಕ ಪರಿಸ್ಥಿತಿ ಬದಲಾಯಿತು. ತೂಕಕ್ಕೆ ತೂಕ ಹೋಲಿಸಿದರೆ ಹೊಸ ಮದ್ದಿನ ಶಕ್ತಿ ಬಹಳ ಹೆಚ್ಚು. ಆದ್ದರಿಂದಲೇ 1894ರ ಮಾದರಿಯನ್ನು 1895ರಲ್ಲಿ ಹೊಗೆರಹಿತ ಮದ್ದಿನ '30-30' ತೋಟಾಕ್ಕೆ ಅಳವಡಿಸಿದಾಗ ನಳಿಗೆಗೆ ನಿಕಲ್ ಬೆರೆಸಿದ ಗಟ್ಟಿ ಉಕ್ಕನ್ನು ಬಳಸಲಾಯಿತು.

1892ರ ಮಾದರಿಗೂ '44-40' ತೋಟಾವೇ ಸಲ್ಲುತ್ತಿತ್ತು. ಆ ಬಲವಾದ ರೈಫಲಿಗಾಗಿ ಅಧಿಕ ವೇಗದ ತೋಟಾಗಳನ್ನು ಕಂಪನಿಯು ಮಾರಾಟಕ್ಕೆ ತಂದಾಗ, ಅವನ್ನು 1873ರ ಮಾದರಿಯಲ್ಲಿ ಬಳಸಕೂಡದೆಂಬ ಎಚ್ಚರಿಕೆಯನ್ನೂ ನೀಡಬೇಕಾಯಿತು. ಹೆಸರು ಒಂದೇ, ಗಾತ್ರವೂ ಒಂದೇ. ಆದರೆ ಒತ್ತಡ ಬೇರೆ. ಒಂದು ರೈಫಲಿಗೆ ಒಗ್ಗುವ ತೋಟಾ ಇನ್ನೊಂದರ ಚೌಕಟ್ಟನ್ನು ಸೀಳಿ, ಹಾರಿಸುವವನ ಕಣ್ಣಿಗೂ ಕೈಗೂ ಎರವಾಗಬಲ್ಲದು.

ಹಾರಿಸುವ ಮುನ್ನ

ಹಳೆಯ ರೈಫಲನ್ನು ಮೊದಲು ಅನುಭವಿ ಬಂದೂಕು ತಜ್ಞನಿಂದ ಪರೀಕ್ಷಿಸಬೇಕು. ಬೋಲ್ಟ್ ಸಡಿಲವಾಗಿದೆಯೇ, ನಳಿಗೆ ಉಬ್ಬಿದೆಯೇ, ಕೊಂಡಿಗಳು ಸವೆದಿವೆಯೇ ಎಂಬುದನ್ನು ನೋಡಬೇಕು. ಕಪ್ಪು ಮದ್ದಿನ ಕಾಲದ ನಳಿಗೆಯ ಲೋಹ ಮೆತ್ತಗಿರುವುದರಿಂದ ತಾಮ್ರದ ಹೊದಿಕೆಯ ಗುಂಡಿಗಿಂತ ಸೀಸದ ಗುಂಡು ಹಿತಕರ. ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೆ ಒಂದು ನಿಲ್ಲುತ್ತವೆ. ಹಿಂದಿನ ಗುಂಡಿನ ತುದಿ ಚೂಪಾಗಿದ್ದರೆ ಮುಂದಿನ ತೋಟಾದ ಬುಡಕ್ಕೆ ತಾಗಿ ಅದು ಕೊಳವೆಯಲ್ಲಿಯೇ ಸಿಡಿಯಬಹುದು. ಆದಕಾರಣ ಚಪ್ಪಟೆ ತುದಿಯ ಗುಂಡುಗಳನ್ನೇ ಬಳಸುವುದು ರೂಢಿ. ಕಪ್ಪು ಮದ್ದಿನ ಮಸಿ ಗಾಳಿಯ ತೇವವನ್ನು ಹೀರಿ ತುಕ್ಕು ಹಿಡಿಸುತ್ತದೆ. ಅಂದೇ ಬಿಸಿನೀರಿನಿಂದ ನಳಿಗೆಯನ್ನು ತೊಳೆದು, ಒರೆಸಿ, ಎಣ್ಣೆ ಸವರಬೇಕು. ಗುರಿ ಹೊಡೆಯುವುದೇ ಮುಖ್ಯವೆನ್ನುವವರು ಇಟಲಿಯಲ್ಲಿ ತಯಾರಾಗುವ ಹೊಸ ಪ್ರತಿಕೃತಿಗಳನ್ನು ಬಳಸಿ, ಮೂಲ ರೈಫಲಿಗೆ ವಿಶ್ರಾಂತಿ ನೀಡುತ್ತಾರೆ.

ಸಂಗ್ರಾಹಕನ ವಿವೇಕ

ಮಾದರಿಯ ಹೆಸರಿನಲ್ಲಿರುವ ವರ್ಷವೇ ತಯಾರಿಕೆಯ ವರ್ಷವಲ್ಲ. 1894ರ ಮಾದರಿಯು 20ನೇ ಶತಮಾನದುದ್ದಕ್ಕೂ ತಯಾರಾಗುತ್ತಿತ್ತು. ನಿಜವಾದ ವಯಸ್ಸನ್ನು ತಿಳಿಸುವುದು ಚೌಕಟ್ಟಿನ ಮೇಲಿನ ಕ್ರಮಸಂಖ್ಯೆ. ವಿಂಚೆಸ್ಟರ್ ಕಾರ್ಖಾನೆಯ ಅನೇಕ ಹಳೆಯ ದಾಖಲೆಗಳು ವಯೋಮಿಂಗ್ ರಾಜ್ಯದ ಕೋಡಿ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿವೆ. ಹಳೆಯ ಮೈಬಣ್ಣವನ್ನು ಉಜ್ಜಿ ಹೊಳಪು ಕೊಟ್ಟರೆ ರೈಫಲಿನ ಐತಿಹಾಸಿಕ ಮೌಲ್ಯ ಕುಗ್ಗುತ್ತದೆ.

ಪರೀಕ್ಷೆಯಲ್ಲಿ ಅತ್ಯಂತ ನಿಖರವೆನಿಸಿದ ನಳಿಗೆಗಳನ್ನು ಜೋಡಿಸಿ, 'ಸಾವಿರದಲ್ಲಿ ಒಂದು' ಎಂದು ಕೆತ್ತಿ, 1870ರ ದಶಕದಲ್ಲಿ 100 ಡಾಲರಿಗೆ ಮಾರಿದ 1873ರ ಮಾದರಿಯ ರೈಫಲುಗಳು ಅತಿ ವಿರಳ. ಅಂಥದೊಂದು ರೈಫಲಿನ ಕಥೆಯುಳ್ಳ 'ವಿಂಚೆಸ್ಟರ್ 73' ಚಲನಚಿತ್ರ 1950ರಲ್ಲಿ ತೆರೆಕಂಡಾಗ, ಉಳಿದವುಗಳನ್ನು ಪತ್ತೆಹಚ್ಚಲು ಚಿತ್ರಸಂಸ್ಥೆಯು ಪ್ರಚಾರ ಕೈಗೊಂಡಿತು. ಹಲವು ರೈಫಲುಗಳು ಬೆಳಕಿಗೆ ಬಂದವು.

ಕಾನೂನಿನ ದೃಷ್ಟಿ

ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯಿದೆಯು 1898ರಲ್ಲಿ ಅಥವಾ ಅದಕ್ಕೂ ಮುಂಚೆ ತಯಾರಾದ ಬಂದೂಕುಗಳನ್ನು ಪುರಾತನವೆಂದು ಪರಿಗಣಿಸುತ್ತದೆ. ಭಾರತದಲ್ಲಿ ಕೇವಲ ವಯಸ್ಸು ಸಾಲದು. 1959ರ ಆಯುಧ ಕಾಯಿದೆಯ 45ನೇ ಪ್ರಕರಣದ ಪ್ರಕಾರ, ದುರಸ್ತಿ ಮಾಡಿದರೂ ಹಾರಿಸಲಾಗದಂಥ ಹಳೆಯ ಆಯುಧಕ್ಕೆ ಮಾತ್ರ ವಿನಾಯಿತಿ ದೊರೆಯುತ್ತದೆ. ಅಜ್ಜನ ಕಾಲದ ಬಂದೂಕು ದುರಸ್ತಿಯಿಂದ ಹಾರುವಂತಿದ್ದರೆ ಅದು ಈ ವಿನಾಯಿತಿಗೆ ಒಳಪಡುವುದಿಲ್ಲ. ಪರವಾನಗಿಯ ಅವಧಿ ಮುಗಿದು ಇರಿಸಿಕೊಳ್ಳುವ ಹಕ್ಕು ತಪ್ಪಿದಾಗ, ಅಂಥ ಆಯುಧವನ್ನು ವಿಳಂಬವಿಲ್ಲದೆ ಸಮೀಪದ ಪೊಲೀಸ್ ಠಾಣೆಗೆ ಅಥವಾ ಪರವಾನಗಿ ಪಡೆದ ವ್ಯಾಪಾರಿಗೆ ಒಪ್ಪಿಸಬೇಕು.

ನೂರು ವರ್ಷ ಕಳೆದ ಲೋಹ ತನ್ನ ಬಲಹೀನತೆಯನ್ನು ಹೊರಗೆ ತೋರಿಸುವುದಿಲ್ಲ. ಕ್ರಮಸಂಖ್ಯೆಯನ್ನು ಓದುವುದು, ತೋಟಾವನ್ನು ಅರಿಯುವುದು, ಸಂಶಯವಿದ್ದಲ್ಲಿ ಹಾರಿಸದಿರುವುದು—ಈ ಮೂರನ್ನು ಪಾಲಿಸಿದರೆ ಹಳೆಯ ರೈಫಲೂ ಉಳಿಯುತ್ತದೆ, ಅದನ್ನು ಹಿಡಿದವರೂ ಕ್ಷೇಮವಾಗಿರುತ್ತಾರೆ.