ರೀಸೆಟ್ ಒತ್ತುವ ಮೊದಲು

ಕಂಪ್ಯೂಟರ್ ರಿಪೇರಿ ನನ್ನ ಕಸುಬು. ಗಿರಾಕಿಗಳೆಂದರೆ ಡಿಟಿಪಿ ಅಂಗಡಿಯವರು, ವಕೀಲರ ಗುಮಾಸ್ತರು, ಸಹಕಾರ ಸಂಘದ ಕಾರ್ಯದರ್ಶಿಗಳು, ಲೆಕ್ಕಪತ್ರ ನೋಡುವವರು. ಯಂತ್ರವೇ ಕೆಟ್ಟಿತೆಂದು ಬರುವ ಕರೆ ಈಗ ಕಡಿಮೆ. "ನಿನ್ನೆ ತನಕ ಚೆನ್ನಾಗಿತ್ತು ಸಾರ್, ಯಾರೋ ಏನೋ ಒತ್ತಿಬಿಟ್ಟಿದ್ದಾರೆ" ಅನ್ನುವುದೇ ಜಾಸ್ತಿ. ಆ 'ಏನೋ' ಹೆಚ್ಚಿನ ಸಲ ಒಂದು ಸೆಟ್ಟಿಂಗ್. ಕೂಡಲೇ ಬರುವ ಬೇಡಿಕೆ, "ಎಲ್ಲಾ ಡೀಫಾಲ್ಟ್ ಮಾಡಿಬಿಡಿ" ಎಂದು. ಡೀಫಾಲ್ಟ್ ಮಾಡಿದರೆ ಸಿಗುವುದು ಕಂಪನಿ ಎಲ್ಲೋ ಕೂತು ಎಲ್ಲರಿಗೂ ಒಂದೇ ಅಳತೆಯಲ್ಲಿ ಇಟ್ಟದ್ದು. ಅವರಿಗೆ ಬೇಕಿರುವುದು ನಿನ್ನೆಯ ಸ್ಥಿತಿ. ಇವೆರಡೂ ಒಂದೇ ಅಲ್ಲ ಎಂದು ಮನದಟ್ಟು ಮಾಡುವುದರಲ್ಲೇ ನನ್ನ ಅರ್ಧ ದಿನ ಹೋಗುತ್ತದೆ.

1. ಸೆಟ್ಟಿಂಗ್ ಎಲ್ಲಿ ಕೂತಿದೆ, ಮೊದಲು ಪತ್ತೆ ಮಾಡಿ

ವರ್ಡ್‌ನಲ್ಲಿ ಫಾಂಟ್ ಬದಲಿಸಿ 'ಸೆಟ್ ಆ್ಯಸ್ ಡೀಫಾಲ್ಟ್' ಒತ್ತಿದರೆ ಅದು ಒಂದು ಪ್ರಶ್ನೆ ಕೇಳುತ್ತದೆ: ಈ ಕಡತಕ್ಕೆ ಮಾತ್ರವೋ, ನಾರ್ಮಲ್ ಟೆಂಪ್ಲೇಟಿನಿಂದ ಹುಟ್ಟುವ ಎಲ್ಲ ಕಡತಗಳಿಗೋ? ಓದದೆ ಓಕೆ ಒತ್ತುವವರೇ ಹೆಚ್ಚು. ಮೊದಲನೆಯದು ಆಯ್ಕೆಯಾಗಿದ್ದರೆ ಸೆಟ್ಟಿಂಗ್ ಆ ಕಡತದೊಳಗೇ ಉಳಿಯುತ್ತದೆ. ಮರುದಿನ ಹೊಸ ಕಡತ ತೆರೆದಾಗ "ಸೇವ್ ಆಗಿಲ್ಲ" ಎಂಬ ದೂರು.

ಪ್ರಿಂಟರಿನ ಕಥೆ ಇನ್ನೂ ಗೋಜಲು. ವಿಂಡೋಸ್‌ನಲ್ಲಿ 'ಪ್ರಿಂಟಿಂಗ್ ಪ್ರಿಫರೆನ್ಸಸ್' ಎಂದು ಒಂದಿದೆ, ಅದು ಲಾಗಿನ್ ಆಗಿರುವ ಒಬ್ಬರಿಗೆ ಮಾತ್ರ ಅನ್ವಯ. ಪ್ರಿಂಟರ್ ಪ್ರಾಪರ್ಟೀಸಿನ 'ಅಡ್ವಾನ್ಸ್ಡ್' ಪುಟದಲ್ಲಿ 'ಪ್ರಿಂಟಿಂಗ್ ಡೀಫಾಲ್ಟ್ಸ್' ಎಂದು ಇನ್ನೊಂದಿದೆ, ಅದು ಆ ಯಂತ್ರದ ಎಲ್ಲ ಬಳಕೆದಾರರಿಗೆ. ಬೆಳಗಿನ ಗುಮಾಸ್ತರಿಗೆ ಸರಿಯಾಗಿ ಬರುವ ಪ್ರಿಂಟು ಸಂಜೆಯವರಿಗೆ ಬರದಿದ್ದರೆ ನಾನು ನೇರ ಇಲ್ಲಿಗೇ ಬರುತ್ತೇನೆ. ಇವೆರಡರ ಮೇಲೆ ಕಡತದ ಸ್ವಂತ ಕಾಗದದ ಅಳತೆಯೂ ಇರುತ್ತದೆ. ಕಡತ ಅಮೆರಿಕದ 'ಲೆಟರ್' ಅಳತೆಯದ್ದು, ಅಂದರೆ 215.9 ಮಿ.ಮೀ. ಅಗಲ, 279.4 ಮಿ.ಮೀ. ಉದ್ದ, ಟ್ರೇಯಲ್ಲಿರುವ ಎ4 ಹಾಳೆ 210ಕ್ಕೆ 297. ಹೊಂದದಿದ್ದರೆ ಎಚ್ಚರಿಸುವ ಬದಲು ವರ್ಡ್ ಸದ್ದಿಲ್ಲದೆ ಪುಟವನ್ನು ಹಿಗ್ಗಿಸಿ ಕುಗ್ಗಿಸಿ ಕೂರಿಸುತ್ತದೆ. ಆಪ್ಷನ್ಸ್‌ನ ಪ್ರಿಂಟ್ ಭಾಗದಲ್ಲಿ ಅದಕ್ಕೊಂದು ಟಿಕ್ ಇದೆ, ಮೊದಲಿನಿಂದಲೂ ಹಾಕಿಯೇ ಇರುತ್ತದೆ. "ಮಾರ್ಜಿನ್ ಸ್ಕೇಲ್ ಇಟ್ಟು ಅಳೆದರೆ ತಾಳೆಯಾಗಲ್ಲ" ಎಂದು ಯಾರಾದರೂ ಅಂದರೆ ನಾನು ಮೊದಲು ನೋಡುವುದು ಆ ಟಿಕ್ಕನ್ನು.

2. ಏನೂ ತೆರೆಯದೆ ಬದಲಿಸಿದ್ದು ಎಲ್ಲದಕ್ಕೂ ಅಂಟುತ್ತದೆ

ಪೇಜ್‌ಮೇಕರ್ ಕಾಲದವರಿಗೆ ಇದು ಗೊತ್ತು, ಇನ್‌ಡಿಸೈನ್ ಕೂಡ ಇದೇ ಚಾಳಿ ಮುಂದುವರಿಸಿದೆ. ಕಡತ ತೆರೆದು ಫಾಂಟ್ ಬದಲಿಸಿದರೆ ಅದು ಆ ಕಡತದ್ದು. ಒಂದೂ ಕಡತ ತೆರೆಯದೆ ಬದಲಿಸಿದರೆ, ಮುಂದೆ ಮಾಡುವ ಪ್ರತಿ ಹೊಸ ಕಡತಕ್ಕೂ ಅದೇ ಡೀಫಾಲ್ಟ್. ಕನ್ನಡದವರಿಗೆ ಇದರಿಂದ ದೊಡ್ಡ ಉಪಕಾರವಿದೆ. ಯೂನಿಕೋಡ್ ಕನ್ನಡದ ಒತ್ತಕ್ಷರ ಸರಿಯಾಗಿ ಕೂರಬೇಕಾದರೆ ಪ್ಯಾರಾಗ್ರಾಫಿಗೆ ವರ್ಲ್ಡ್-ರೆಡಿ ಕಂಪೋಸರ್ ಬೇಕು. ಕಡತ ಮುಚ್ಚಿಟ್ಟು ಒಮ್ಮೆ ಅದನ್ನು ಆರಿಸಿಬಿಟ್ಟರೆ, "ಒತ್ತು ಒಡೆದು ಬರ್ತಿದೆ" ಎಂದು ಪ್ರತಿ ಪುಸ್ತಕಕ್ಕೂ ಫೋನ್ ಬರುವುದು ನಿಲ್ಲುತ್ತದೆ. ಹಳೆಯ ಕಡತಗಳಿಗೆ ಮಾತ್ರ ಇದು ತಟ್ಟುವುದಿಲ್ಲ, ಅವನ್ನು ಒಂದೊಂದಾಗಿಯೇ ತಿದ್ದಬೇಕು.

3. ಕನ್ನಡಕ್ಕೆ ಬೇರೆಯೇ ಗೂಡಿದೆ

ವರ್ಡ್‌ನ ಫಾಂಟ್ ಪೆಟ್ಟಿಗೆಯಲ್ಲಿ ಲ್ಯಾಟಿನ್ ಅಕ್ಷರಕ್ಕೆ ಒಂದು ಜಾಗ, 'ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಎಂದು ಇನ್ನೊಂದು ಜಾಗ. ಯೂನಿಕೋಡ್ ಕನ್ನಡ ಎರಡನೆಯದನ್ನು ಕೇಳುತ್ತದೆ. ಮೇಲಿನದನ್ನಷ್ಟೇ 14ಕ್ಕೆ ಏರಿಸಿ ಡೀಫಾಲ್ಟ್ ಮಾಡಿದರೆ ಇಂಗ್ಲಿಷ್ ದೊಡ್ಡದಾಗುತ್ತದೆ, ಕನ್ನಡ ಇದ್ದಲ್ಲೇ ಇರುತ್ತದೆ. ಆ ಎರಡನೆಯ ಜಾಗವೇ ಕಾಣದಿದ್ದರೆ ಆಫೀಸಿನ ಭಾಷೆಯ ಪಟ್ಟಿಗೆ ಕನ್ನಡ ಸೇರಿಸಿ, ವರ್ಡ್ ಮುಚ್ಚಿ ತೆರೆಯಿರಿ.

ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ಬೆರಳಚ್ಚು ಮಾಡುವವರ ಪಾಡು ಇದಕ್ಕೆ ತಿರುಗುಮುರುಗು. ಪರದೆಯ ಮೇಲೆ ಕಾಣುವುದು ಕನ್ನಡವಾದರೂ ವರ್ಡ್‌ನ ಲೆಕ್ಕದಲ್ಲಿ ಅದು ಇಂಗ್ಲಿಷ್ ಅಕ್ಷರವೇ. ವಾಕ್ಯದ ಮೊದಲಕ್ಷರವನ್ನು ದೊಡ್ಡದು ಮಾಡುವ ಆಟೋಕರೆಕ್ಟ್ ಬಂದು ಸಣ್ಣಕ್ಷರವನ್ನು ದೊಡ್ಡಕ್ಷರ ಮಾಡಿದರೆ, ಕನ್ನಡದಲ್ಲಿ ಬೇರೆಯೇ ಅಕ್ಷರ ಮೂಡುತ್ತದೆ. ಇಂಥ ಕಡೆ ಆಟೋಕರೆಕ್ಟಿನ ಟಿಕ್ಕುಗಳನ್ನೆಲ್ಲ ತೆಗೆದಿಟ್ಟಿರುತ್ತಾರೆ, ತೆಗೆದದ್ದು ಯಾರಿಗೂ ನೆನಪಿರುವುದಿಲ್ಲ. ಯಾರೋ ಬಂದು ವರ್ಡ್ ಅನ್ನು ಪೂರ್ತಿ ರೀಸೆಟ್ ಮಾಡಿದರೆ ಟಿಕ್ಕುಗಳು ಮರಳಿ ಬರುತ್ತವೆ. ತಪ್ಪು ಕಾಣುವ ಹೊತ್ತಿಗೆ ಆಮಂತ್ರಣ ಪತ್ರಿಕೆ ಅಚ್ಚಾಗಿರುತ್ತದೆ.

4. ಸೆಟ್ಟಿಂಗ್ ವಾಪಸು ಬಂದರೂ ಮಾಹಿತಿ ವಾಪಸು ಬರುವುದಿಲ್ಲ

ಹೊಸ ವಿಂಡೋಸ್ ಹಾಕಿದಾಗ ರೀಜನ್ ಅಮೆರಿಕದ್ದೇ ಉಳಿದಿದೆ ಅನ್ನಿ. ಬ್ಯಾಂಕಿನಿಂದ ಬಂದ ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದರೆ 03/04/2024 ಎಂಬ ಏಪ್ರಿಲ್ ಮೂರು ಮಾರ್ಚ್ ನಾಲ್ಕಾಗುತ್ತದೆ. 13/04/2024 ಎಂಬುದಕ್ಕೆ ಹದಿಮೂರನೇ ತಿಂಗಳಿಲ್ಲವಲ್ಲ, ಅದು ದಿನಾಂಕವೇ ಅಲ್ಲ ಎಂದು ಬರೀ ಪಠ್ಯವಾಗಿ ಎಡಕ್ಕೆ ಸರಿದು ಕೂರುತ್ತದೆ. ಒಂದೇ ಕಾಲಮ್ಮಿನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಇದ್ದರೆ ಇದೇ ರೋಗ. ರೀಜನ್ ಅನ್ನು ಇಂಗ್ಲಿಷ್-ಇಂಡಿಯಾ ಮಾಡಿ, ಅಂಕಿಗಳನ್ನು ಲಕ್ಷ-ಕೋಟಿಯ ಅಲ್ಪವಿರಾಮಕ್ಕೆ ತಂದರೆ ಮುಂದಿನದೆಲ್ಲ ಸರಿ. ಆಗಲೇ ಮಾರ್ಚಾಗಿ ಹೋದದ್ದು ಮಾರ್ಚಾಗಿಯೇ ಉಳಿಯುತ್ತದೆ. ಮೂಲ ಸಿಎಸ್‌ವಿಯನ್ನೇ ಮತ್ತೆ ತೆರೆಯಬೇಕು. ಅದನ್ನು ಎಕ್ಸೆಲ್‌ನಲ್ಲಿ ತೆರೆದು ಅದರ ಮೇಲೇ ಸೇವ್ ಮಾಡಿದ್ದರೆ ಬ್ಯಾಂಕಿನಿಂದ ಇನ್ನೊಮ್ಮೆ ತರಿಸಬೇಕು.

ಆಟೋಕರೆಕ್ಟಿಗೂ ಇದೇ ಮಾತು. ಈಗ ಆಫ್ ಮಾಡಿದರೆ ಮುಂದಿನ ಸಾಲು ಉಳಿಯುತ್ತದೆ, ಹಿಂದಿನ ಪುಟಗಳನ್ನು ಕಣ್ಣಿಟ್ಟು ಓದಿಯೇ ತಿದ್ದಬೇಕು.

5. ಒಂದೊಂದು ರೀಸೆಟ್ ಒಂದೊಂದನ್ನು ನುಂಗುತ್ತದೆ

ಕ್ರೋಮ್‌ನ ರೀಸೆಟ್ ಬುಕ್‌ಮಾರ್ಕ್, ಹಿಸ್ಟರಿ, ಉಳಿಸಿದ ಪಾಸ್‌ವರ್ಡ್ ಮುಟ್ಟುವುದಿಲ್ಲ. ಎಕ್ಸ್‌ಟೆನ್ಶನ್ನುಗಳನ್ನು ಅಳಿಸದೆ ನಿಷ್ಕ್ರಿಯಗೊಳಿಸುತ್ತದೆ, ಕುಕೀಗಳನ್ನು ತೆಗೆಯುತ್ತದೆ. ಹಾಗಾಗಿ ಎಲ್ಲ ಕಡೆ ಮತ್ತೆ ಲಾಗಿನ್ ಆಗಬೇಕು. ಓಟಿಪಿ ಬರುವ ಫೋನ್ ಸಾಹೇಬರ ಜೇಬಿನಲ್ಲಿದ್ದು, ಸಾಹೇಬರು ಊರಲ್ಲಿಲ್ಲದಿದ್ದರೆ ಆ ದಿನದ ಕೆಲಸ ಮುಗಿಯಿತು. ಫೈರ್‌ಫಾಕ್ಸ್‌ನ 'ರಿಫ್ರೆಶ್' ಎಕ್ಸ್‌ಟೆನ್ಶನ್ನುಗಳನ್ನು ತೆಗೆದೇ ಹಾಕುತ್ತದೆ, ಆದರೆ ಕುಕೀ ಉಳಿಸಿ, ಹಳೆಯ ಪ್ರೊಫೈಲನ್ನು ಒಂದು ಫೋಲ್ಡರಿಗೆ ಹಾಕಿ ಡೆಸ್ಕ್‌ಟಾಪಿನಲ್ಲಿಟ್ಟು ಹೋಗುತ್ತದೆ. ಈ ಮರ್ಯಾದೆ ನನಗೆ ಇಷ್ಟ. ವಿಂಡೋಸ್‌ನ 'ರೀಸೆಟ್ ದಿಸ್ ಪಿಸಿ'ಯಲ್ಲಿ 'ಕೀಪ್ ಮೈ ಫೈಲ್ಸ್' ಆರಿಸಿದರೆ ನಿಮ್ಮ ಕಡತಗಳು ಉಳಿಯುತ್ತವೆ, ನೀವು ಹಾಕಿಕೊಂಡ ಪ್ರೋಗ್ರಾಮುಗಳು ಉಳಿಯುವುದಿಲ್ಲ. ನುಡಿ ಹೋಗುತ್ತದೆ, ಲೆಕ್ಕದ ಸಾಫ್ಟ್‌ವೇರ್ ಹೋಗುತ್ತದೆ. ಲೈಸೆನ್ಸ್ ಕೀ ಬರೆದಿಟ್ಟ ಚೀಟಿ ಎಲ್ಲಿದೆ ಎಂದು ಕೇಳದೆ ನಾನು ಆ ಬಟನ್ ಹತ್ತಿರ ಹೋಗುವುದಿಲ್ಲ.

6. ಅಳಿಸಬೇಡಿ, ಹೆಸರು ಬದಲಿಸಿ

ವರ್ಡ್‌ನಲ್ಲಿ ಹೊಸ ಕಡತ ತೆರೆದರೇ ಅವತಾರ ಕೆಟ್ಟಿದ್ದರೆ ಕಾರಣ ನಾರ್ಮಲ್ ಟೆಂಪ್ಲೇಟ್. ವರ್ಡ್ ಮುಚ್ಚಿ, ಆ್ಯಪ್‌ಡೇಟಾ ಫೋಲ್ಡರಿನಲ್ಲಿ ಮೈಕ್ರೋಸಾಫ್ಟ್, ಅದರೊಳಗಿನ ಟೆಂಪ್ಲೇಟ್ಸ್ ತನಕ ಹೋಗಿ ಆ ಫೈಲಿನ ಹೆಸರಿಗೆ 'ಹಳೆಯದು' ಎಂದು ಸೇರಿಸಿ. ವರ್ಡ್ ತೆರೆದ ಕೂಡಲೇ ಹೊಸದನ್ನು ತಾನೇ ಮಾಡಿಕೊಳ್ಳುತ್ತದೆ. ಹಳೆಯದನ್ನು ಉಳಿಸುವುದು ಯಾಕೆಂದರೆ, ವರ್ಷಗಟ್ಟಲೆ ಕೂಡಿಟ್ಟ ಸ್ಟೈಲು, ಮ್ಯಾಕ್ರೋ, ಸ್ವಂತ ಶಾರ್ಟ್‌ಕಟ್‌ಗಳೆಲ್ಲ ಅದರಲ್ಲೇ ಇರುತ್ತವೆ. 'ಆರ್ಗನೈಸರ್' ಎಂಬ ಕಿಟಕಿಯಿಂದ ಬೇಕಾದ ಸ್ಟೈಲು, ಮ್ಯಾಕ್ರೋಗಳನ್ನು ಹಳೆಯದರಿಂದ ಹೊಸದಕ್ಕೆ ನಕಲು ಮಾಡಬಹುದು. ಲಿಬ್ರೆಆಫೀಸಿನಲ್ಲಿ ಇಷ್ಟು ತಿರುಗಾಟ ಬೇಡ. ಹೆಲ್ಪ್ ಮೆನುವಿನಿಂದ ಸೇಫ್ ಮೋಡಿಗೆ ಹೋಗಿ, ಮೊದಲು ಅಲ್ಲೇ ಇರುವ ಬ್ಯಾಕಪ್‌ನಿಂದ ಮರಳಿಸಿ ನೋಡಿ. ಫ್ಯಾಕ್ಟರಿ ಸೆಟ್ಟಿಂಗ್ ಕೊನೆಯ ಉಪಾಯ.

7. ಕೀಲಿಯಲ್ಲೇ ರೀಸೆಟ್

ಫೋಟೊಶಾಪ್ ಮತ್ತು ಇನ್‌ಡಿಸೈನ್ ತೆರೆಯುವಾಗ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಹಿಡಿದರೆ ಪ್ರಿಫರೆನ್ಸ್ ಅಳಿಸಲೇ ಎಂದು ಕೇಳುತ್ತವೆ. ಕೋರೆಲ್‌ಡ್ರಾಗೆ ಎಫ್8. ಇನ್‌ಡಿಸೈನಿನಲ್ಲಿ ಹೀಗೆ ಅಳಿಸಿದ ಮೇಲೆ ಎರಡನೇ ಪಾಠದ ಕಂಪೋಸರ್ ಕೆಲಸ ಇನ್ನೊಮ್ಮೆ ಮಾಡಬೇಕು.

8. ಯಾರೂ ಮುಟ್ಟದೆಯೂ ಬದಲಾಗುವವು ಇವೆ

"ನಾವು ಏನೂ ಮಾಡಿಲ್ಲ ಸಾರ್" ಅನ್ನುವವರು ಯಾವಾಗಲೂ ಸುಳ್ಳು ಹೇಳುವುದಿಲ್ಲ. ವಿಂಡೋಸ್ 10ರಲ್ಲಿ 2015ರಿಂದ 'ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡೀಫಾಲ್ಟ್ ಪ್ರಿಂಟರ್' ಎಂದು ಒಂದು ಆಯ್ಕೆ ಇದೆ. ಅದು ಆನ್ ಇದ್ದರೆ ಕೊನೆಗೆ ಬಳಸಿದ ಪ್ರಿಂಟರೇ ಡೀಫಾಲ್ಟ್. ಒಮ್ಮೆ ಪಿಡಿಎಫ್ ಮಾಡಿದರೆ ಮುಂದಿನ ರಸೀದಿಯೂ ಕಾಗದದ ಬದಲು ಪಿಡಿಎಫ್‌ಗೆ ಹೊರಡುತ್ತದೆ. ಎರಡು ಪ್ರಿಂಟರ್ ಇರುವ ಯಾವ ಆಫೀಸಿಗೆ ಹೋದರೂ ಮೊದಲು ಇದನ್ನು ಆಫ್ ಮಾಡುತ್ತೇನೆ, ಕೇಳುವುದೂ ಇಲ್ಲ.

ಕಂಪನಿಯೇ ಡೀಫಾಲ್ಟ್ ಬದಲಿಸುವುದೂ ಉಂಟು. ವರ್ಡ್ 2007ರಿಂದ ಇದ್ದ ಕ್ಯಾಲಿಬ್ರಿಯ ಜಾಗಕ್ಕೆ 2023ರಿಂದ ಆಪ್ಟೋಸ್ ಬಂತು. ಹಳೆಯ ಕಡತ ಹಾಗೇ ಇರುತ್ತದೆ, ಹೊಸದರ ಮುಖ ಮಾತ್ರ ಬೇರೆ. ಇಂಥ ಆಫೀಸಿನಲ್ಲಿ 'ಡೀಫಾಲ್ಟ್‌ಗೆ ಮರಳಿಸಿ' ಅಂದರೆ ಸಿಗುವುದು ಆಪ್ಟೋಸ್. ಅವರ ಮನಸ್ಸಿನಲ್ಲಿರುವುದು ಕ್ಯಾಲಿಬ್ರಿ.

9. ಒಂದು ಕೆಲಸಕ್ಕೆ ಬೇಕಾದ್ದನ್ನು ಡೀಫಾಲ್ಟ್ ಮಾಡಬೇಡಿ

ಸುಪ್ರೀಂ ಕೋರ್ಟ್ 2020ರಲ್ಲಿ ತನ್ನ ಕಾಗದಪತ್ರಗಳಿಗೆ ಒಂದು ಅಳತೆ ಹಾಕಿತು: ಎ4 ಹಾಳೆ, ಎರಡೂ ಬದಿ ಮುದ್ರಣ, ಟೈಮ್ಸ್ ನ್ಯೂ ರೋಮನ್ 14, ಸಾಲಿನ ಅಂತರ ಒಂದೂವರೆ, ಉಲ್ಲೇಖಗಳಿಗೆ 12 ಮತ್ತು ಒಂಟಿ ಅಂತರ, ಎಡಬಲ 4 ಸೆಂ.ಮೀ., ಮೇಲೆ ಕೆಳಗೆ 2 ಸೆಂ.ಮೀ. ಅಂಚು. ಇಂಥದ್ದನ್ನೇ ವರ್ಡ್‌ನ ಡೀಫಾಲ್ಟ್ ಮಾಡಿಕೊಡಿ ಎಂದು ವಕೀಲರ ಕಚೇರಿಯವರು ಕೇಳುತ್ತಾರೆ. ಮಾಡಿದರೆ ಬಾಡಿಗೆ ರಸೀದಿಗೂ ನಾಲ್ಕು ಸೆಂಟಿಮೀಟರ್ ಅಂಚು. ನಾನು ಬೇರೆ ಟೆಂಪ್ಲೇಟ್ ಮಾಡಿ, ಹೆಸರು ಕೊಟ್ಟು, ಡೆಸ್ಕ್‌ಟಾಪಿನಲ್ಲಿಡುತ್ತೇನೆ. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಹೊಸ ಕಡತ ಹುಟ್ಟುತ್ತದೆ, ಮೂಲ ಹಾಗೇ ಇರುತ್ತದೆ.

10. ಪುಸ್ತಕದಲ್ಲಿ ಬರೆಯಿರಿ

ಫೈರ್‌ಫಾಕ್ಸ್‌ನ ಸುಧಾರಿತ ಸೆಟ್ಟಿಂಗ್ ಪುಟ ನೀವು ಬದಲಿಸಿದ್ದನ್ನು ದಪ್ಪಕ್ಷರದಲ್ಲಿ ತೋರಿಸುತ್ತದೆ, ಬದಲಾದವನ್ನಷ್ಟೇ ಪಟ್ಟಿ ಮಾಡಿ ಕೊಡುತ್ತದೆ, ಪಕ್ಕದ ಬಾಣ ಒತ್ತಿದರೆ ಅದೊಂದನ್ನೇ ಮರಳಿಸುತ್ತದೆ. ಬಹಳಷ್ಟು ಸಾಫ್ಟ್‌ವೇರುಗಳಲ್ಲಿ ಇಂಥ ಅನುಕೂಲವಿಲ್ಲ. ಅದಕ್ಕೇ ಪ್ರತಿ ಆಫೀಸಿನ ಮಾನಿಟರ್ ಪಕ್ಕ ಒಂದು ನೂರು ಪುಟದ ನೋಟ್‌ಬುಕ್ ಇಡಿಸುತ್ತೇನೆ: ದಿನಾಂಕ, ಯಾವ ಪ್ರೋಗ್ರಾಮು, ಯಾವ ಮೆನು, ಮೊದಲು ಏನಿತ್ತು, ಈಗ ಏನು ಮಾಡಿದ್ದು, ಯಾರು ಮಾಡಿದ್ದು. ಕೊನೆಯ ಕಾಲಮ್ಮನ್ನು ಯಾರೂ ತುಂಬುವುದಿಲ್ಲ. 'ಮೊದಲು ಏನಿತ್ತು' ಒಂದನ್ನು ಬರೆದಿದ್ದರೂ ನನಗೆ ಸಾಕು.