ಅಟ್ಟದ ಮೇಲಿನ ದಿಂಬುಗಳು: ಪರಿಗ್ರಹ ಪರಿಮಾಣ ವ್ರತದ ಒಂದು ಪಾಠ



ವ್ರತನಿಯಮಗಳ ಮಾತು ಬಂದೊಡನೆ ನಮ್ಮ ಗಮನ ಹರಿಯುವುದು ಅಡುಗೆಮನೆಯ ಕಡೆಗೆ. ನೀರನ್ನು ಸೋಸಿದ್ದಾಯಿತೇ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಯಿತೇ, ಹಿಟ್ಟಿನ ಮರ್ಯಾದೆ ಮೀರಲಿಲ್ಲವೇ ಎಂದು ನಾವು ವಿಚಾರಿಸುತ್ತೇವೆ. ಮಳೆಗಾಲದಲ್ಲಿ ಹಿಟ್ಟಿಗೆ ಮೂರು ದಿನ, ಬೇಸಗೆಯಲ್ಲಿ ಐದು ದಿನ, ಚಳಿಗಾಲದಲ್ಲಿ ಏಳು ದಿನ ಎಂಬ ಲೆಕ್ಕ ನಮ್ಮ ಮನೆಗಳಲ್ಲಿ ಚಿಕ್ಕ ಮಕ್ಕಳಿಗೂ ತಿಳಿದಿದೆ. ಇದು ಮೆಚ್ಚತಕ್ಕ ವಿಷಯವೇ. ಆದರೆ ಅದೇ ಮನೆಯ ಅಟ್ಟದ ಮೇಲೆ, ಮಂಚದ ಪೆಟ್ಟಿಗೆಯಲ್ಲಿ, ಬೀರುವಿನ ಮೇಲಿನ ಅರೆಯಲ್ಲಿ ವರ್ಷಗಟ್ಟಲೆ ಕಟ್ಟಿಟ್ಟ ದಿಂಬುಗಳಿಗೆ ಯಾವ ಮರ್ಯಾದೆಯೂ ಇಲ್ಲ, ಯಾವ ಲೆಕ್ಕವೂ ಇಲ್ಲ.

ಮಲಗಲು ಬೇಕಾದ ತಲೆದಿಂಬಿನ ಮಾತು ಇದಲ್ಲ. ಪಡಸಾಲೆಯ ಅಂದಕ್ಕಾಗಿ ಕೊಂಡವು, ಮದುವೆಯಲ್ಲಿ ಉಡುಗೊರೆಯಾಗಿ ಬಂದವು, ಗವಸಿನ ಬಣ್ಣ ಹಳೆಯದಾಯಿತೆಂದು ಒಳಗೆ ಸರಿಸಿದವು, ‘ಎಂದಾದರೂ ಬೇಕಾದೀತು’ ಎಂದು ಎತ್ತಿಟ್ಟವು, ಇಂಥ ಹೆಚ್ಚುವರಿ ಅಲಂಕಾರದ ದಿಂಬುಗಳ ಮಾತು. ‘ಇದೂ ಒಂದು ಧರ್ಮವಿಚಾರವೇ?’ ಎಂದು ಕೆಲವರು ನಕ್ಕಾರು. ವ್ರತವು ಸಡಿಲವಾಗುವುದು ಇಂಥ ಚಿಕ್ಕ ವಸ್ತುಗಳಲ್ಲಿಯೇ. ಹೊಲ, ಮನೆ, ಚಿನ್ನಗಳಿಗೆ ಮಿತಿ ಹಾಕಿಕೊಂಡ ಶ್ರಾವಕನು ದಿಂಬಿಗೆ ಮಿತಿ ಹಾಕಲು ಮರೆಯುತ್ತಾನೆ; ಮರೆತ ಕಡೆಯಲ್ಲಿಯೇ ಮೋಹವು ಮನೆಮಾಡುತ್ತದೆ.

ಶಾಸ್ತ್ರದಲ್ಲಿ ದಿಂಬಿನ ಸ್ಥಾನ

ಬಾಹ್ಯ ಪರಿಗ್ರಹವು ಹತ್ತು ವಿಧವೆಂದು ನಮ್ಮ ಪೂರ್ವಾಚಾರ್ಯರು ಎಣಿಸಿದ್ದಾರೆ. ಭಗವತೀ ಆರಾಧನೆಯ ಎಣಿಕೆಯಂತೆ ಅವು ಕ್ಷೇತ್ರ, ವಾಸ್ತು, ಧನ, ಧಾನ್ಯ, ಕುಪ್ಯ, ಭಾಂಡ, ದ್ವಿಪದ, ಚತುಷ್ಪದ, ಯಾನ ಮತ್ತು ಶಯನಾಸನ. ಮಲಗುವ ಹಾಗೂ ಕುಳಿತುಕೊಳ್ಳುವ ಸಾಧನಗಳೆಲ್ಲವೂ ಶಯನಾಸನದಲ್ಲಿ ಸೇರುತ್ತವೆ. ದಿಂಬು, ಲೋಡು, ಹಾಸಿಗೆಗಳ ಸ್ಥಾನ ಇದೇ. ಇನ್ನು ಕುಪ್ಯ ಎಂಬ ಶಬ್ದಕ್ಕೆ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ನಾರುಬಟ್ಟೆ, ಹತ್ತಿಬಟ್ಟೆ, ರೇಷ್ಮೆ, ಚಂದನ ಮೊದಲಾದವು ಎಂದು ಅರ್ಥ ಹೇಳಿದ್ದಾರೆ. ಹೀಗಾಗಿ ದಿಂಬಿನ ಒಡಲು ಶಯನಾಸನದಲ್ಲಿಯೂ ಅದರ ಜರಿಯ ಗವಸು ಕುಪ್ಯದಲ್ಲಿಯೂ ಲೆಕ್ಕಕ್ಕೆ ಬರುತ್ತದೆ.

ವಸ್ತುವಿಗಿಂತ ಮುಖ್ಯವಾದುದು ವಸ್ತುವಿನ ಮೇಲಣ ಮೂರ್ಛೆ. ಅದನ್ನೇ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹವೆಂದು ಕರೆದಿದ್ದಾರೆ. ‘ಅಟ್ಟದ ಮೇಲಿರುವುದನ್ನು ನಾನು ನೆನೆಯುವುದೇ ಇಲ್ಲ, ಆದ್ದರಿಂದ ನನಗೆ ಮೂರ್ಛೆಯಿಲ್ಲ’ ಎಂದು ಹೇಳುವವರಿದ್ದಾರೆ. ಇದು ಸರಿಯೇ ಎಂದು ಪರೀಕ್ಷಿಸಲು ಸುಲಭವಾದ ಉಪಾಯವಿದೆ. ನೆರೆಮನೆಯವರು ಬಂದು ‘ಆ ನಾಲ್ಕು ದಿಂಬು ನಮಗೆ ಕೊಡಿ’ ಎಂದು ಕೇಳಲಿ. ಆ ಕ್ಷಣದಲ್ಲಿ ಮನಸ್ಸು ಹಿಂಜರಿದರೆ ಮೂರ್ಛೆ ಇತ್ತೆಂದೇ ತಿಳಿಯಬೇಕು. ಅದು ವಸ್ತುವಿನೊಡನೆ ಕಟ್ಟಿನೊಳಗೆ ಮಲಗಿತ್ತು, ಅಷ್ಟೆ.

ಬಳಸದೆ ಇಟ್ಟುದು ನಿರ್ದೋಷವೇ?

ಒಮ್ಮೆ ಅನುಭವಿಸಿ ಬಿಡತಕ್ಕದ್ದು ಭೋಗ. ಅನ್ನ, ಹೂಮಾಲೆ, ಗಂಧ ಇದಕ್ಕೆ ಉದಾಹರಣೆ. ಮತ್ತೆ ಮತ್ತೆ ಅನುಭವಿಸತಕ್ಕದ್ದು ಉಪಭೋಗ. ವಸ್ತ್ರ, ಆಭರಣ, ಹಾಸಿಗೆ ಇದಕ್ಕೆ ಸೇರುತ್ತವೆ. ಇದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದ ವಿಭಾಗ. ತತ್ತ್ವಾರ್ಥಸೂತ್ರದ ಪರಂಪರೆಯಲ್ಲಿ ಇವೇ ಎರಡಕ್ಕೆ ಉಪಭೋಗ, ಪರಿಭೋಗ ಎಂಬ ಹೆಸರುಗಳಿವೆ. ಹೆಸರು ಬೇರೆಯಾದರೂ ತತ್ತ್ವ ಒಂದೇ.

ಕಟ್ಟಿಟ್ಟ ದಿಂಬು ಈ ಎರಡರಲ್ಲಿ ಯಾವುದು? ಅದನ್ನು ಯಾರೂ ಅನುಭವಿಸುತ್ತಿಲ್ಲ. ಆದರೂ ಅದು ಇದೆ. ಇಂಥದ್ದಕ್ಕೆ ಶಾಸ್ತ್ರದಲ್ಲಿ ಬೇರೆಯೇ ಹೆಸರಿದೆ. ಅನರ್ಥದಂಡ ವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಉಪಭೋಗ-ಪರಿಭೋಗ ಅನರ್ಥಕ್ಯ, ಅಂದರೆ ಪ್ರಯೋಜನವನ್ನು ಮೀರಿ ಉಪಭೋಗದ ವಸ್ತುಗಳನ್ನು ಕೂಡಿಡುವುದು. ಪರಿಗ್ರಹ ಪರಿಮಾಣ ವ್ರತಕ್ಕೆ ಸಮಂತಭದ್ರರು ಹೇಳಿದ ಅತಿಚಾರಗಳಲ್ಲಿಯೂ ಅತಿಸಂಗ್ರಹ ಒಂದು, ವಿಸ್ಮಯ ಮತ್ತೊಂದು. ಇತರರ ವೈಭವವನ್ನು ಕಂಡು ಬೆರಗಾಗುವುದೇ ವಿಸ್ಮಯ. ಬೀಗರ ಪಡಸಾಲೆಯ ಸೋಫಾದ ಮೇಲೆ ಕನ್ನಡಿ ಚೂರುಗಳ ಕಸೂತಿ ದಿಂಬುಗಳನ್ನು ಕಂಡು, ಮರುವಾರವೇ ನಾವೂ ಅಂಥವನ್ನು ಕೊಂಡು, ಹಳೆಯವನ್ನು ಅಟ್ಟಕ್ಕೇರಿಸುತ್ತೇವೆ. ಮೊದಲನೆಯದು ವಿಸ್ಮಯ, ಕೊನೆಯದು ಅತಿಸಂಗ್ರಹ. ಒಂದೇ ದಿಂಬಿನಲ್ಲಿ ಎರಡು ಅತಿಚಾರಗಳಾದವು.

ಮಳೆಗಾಲ ಮತ್ತು ಜೀವದಯೆ

ಇಷ್ಟರವರೆಗೆ ನೋಡಿದ್ದು ಮನಸ್ಸಿನ ದೋಷ. ಇನ್ನು ಅಹಿಂಸಾಣುವ್ರತದ ದೃಷ್ಟಿಯಿಂದ ವಿಚಾರಿಸೋಣ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ನಮ್ಮ ಕರಾವಳಿಯಲ್ಲಿ, ಹಾಗೆಯೇ ಮಲೆನಾಡಿನಲ್ಲಿ, ಆಷಾಢ ಶ್ರಾವಣಗಳ ತೇವವು ಗೋಡೆಯನ್ನೂ ಬಿಡುವುದಿಲ್ಲ, ಹತ್ತಿಯನ್ನು ಬಿಟ್ಟೀತೇ? ಹತ್ತಿ, ಬೂರುಗದ ಅರಳೆ ತುಂಬಿದ ದಿಂಬು ತೇವವಾಗಿ ಬೂಷ್ಟು ಹಿಡಿಯುತ್ತದೆ. ಬಳಸಿದ ದಿಂಬನ್ನು ಹಾಗೆಯೇ ಕಟ್ಟಿಟ್ಟರೆ ಅದರಲ್ಲಿ ಉಳಿದ ಚರ್ಮದ ಹೊಟ್ಟನ್ನು ತಿಂದು ಬದುಕುವ ಧೂಳಿನ ನುಸಿಗಳು ಬೆಳೆಯುತ್ತವೆ. ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟೂ ಇಲ್ಲದ ಇವು ಕಣ್ಣಿಗೆ ಬೀಳುವುದು ಕಷ್ಟ. ರೇಷ್ಮೆ, ಉಣ್ಣೆ, ಗರಿಗಳಿದ್ದರೆ ಬಟ್ಟೆ ಕೊರೆಯುವ ಪತಂಗದ ಮರಿಹುಳುಗಳು ಅವನ್ನು ಹುಡುಕಿ ಬರುತ್ತವೆ. ಅಟ್ಟದ ಮೂಲೆಯ ದಿಂಬನ್ನು ಕೊರೆದು ಇಲಿ ಮರಿಹಾಕುವುದನ್ನು ನೋಡದ ಮನೆ ಅಪರೂಪ.

ಈಗ ವಿಚಾರ ಮಾಡಿರಿ. ದೀಪಾವಳಿಯ ಮುಂಚೆ ಆ ಕಟ್ಟನ್ನು ಬಿಚ್ಚಿ ಕೊಡವಿ ಸುಡುಬಿಸಿಲಿಗೆ ಹಾಕಿದರೆ ಅಲ್ಲಿ ಹುಟ್ಟಿದ ತ್ರಸಜೀವಗಳ ಗತಿಯೇನು? ಬಿಸಿಲಿಗೆ ಹಾಕದಿದ್ದರೆ ಇನ್ನಷ್ಟು ಹುಟ್ಟುತ್ತವೆ. ಹಾಕಿದರೂ ಹಿಂಸೆ, ಬಿಟ್ಟರೂ ಹಿಂಸೆಗೆ ಕಾರಣ. ನುಸಿಗುಳಿಗೆಯನ್ನು ಇಡುವುದು ಇದಕ್ಕೆ ಪರಿಹಾರವಲ್ಲ. ಅದರ ಆವಿ ಕೀಟಗಳಿಗೆ ವಿಷ, ಹಸುಗೂಸಿರುವ ಮನೆಗೂ ಹಿತವಲ್ಲ. ಅಡುಗೆ, ಗುಡಿಸುವಿಕೆಗಳಲ್ಲಿ ಆಗುವ ಆರಂಭೀ ಹಿಂಸೆಯು ಗೃಹಸ್ಥನಿಗೆ ಅನಿವಾರ್ಯ. ಆದರೆ ಯಾರೂ ತಲೆಯಿಡದ ದಿಂಬಿಗಾಗಿ ಆಗುವ ಹಿಂಸೆಗೆ ಅನಿವಾರ್ಯವೆಂಬ ಹೆಸರು ಸಲ್ಲದು. ಜೀವೋತ್ಪತ್ತಿಗೆ ಎಡೆಯನ್ನೇ ಕೊಡದಿರುವುದು ಉತ್ತಮ ಮಾರ್ಗ. ಹಿಟ್ಟಿಗೆ ಮೂರು ದಿನದ ಮರ್ಯಾದೆ ಹೇಳಿದುದರ ಹಿಂದಿನ ವಿವೇಕವೂ ಇದೇ ಅಲ್ಲವೇ?

ಕೊಳ್ಳುವಾಗಲೂ ಎಚ್ಚರ ಬೇಕು. ಮೆತ್ತನೆಯ ಗರಿಯ ದಿಂಬುಗಳಲ್ಲಿ ತುಂಬುವುದು ಬಾತು, ಹೆಬ್ಬಾತುಗಳ ಗರಿ. ರೇಷ್ಮೆಯ ಗವಸಿನ ನೂಲನ್ನು ಸಾಮಾನ್ಯವಾಗಿ ಗೂಡಿನೊಳಗಿನ ಹುಳುವನ್ನು ಹಬೆಯಿಂದಲೋ ಬಿಸಿಗಾಳಿಯಿಂದಲೋ ಕೊಂದ ಮೇಲೆ ಬಿಚ್ಚುತ್ತಾರೆ. ಇವೆರಡನ್ನೂ ಶ್ರಾವಕರು ದೂರವಿಡುವುದು ಯೋಗ್ಯ.

ಮಿತಿ ಹಾಕಿಕೊಳ್ಳುವ ಕ್ರಮ

ಸಮಂತಭದ್ರರು ಈ ವ್ರತಕ್ಕೆ ಇಚ್ಛಾ ಪರಿಮಾಣವೆಂದೂ ಹೆಸರು ಹೇಳಿದ್ದಾರೆ. ಮಿತಿ ಹಾಕಬೇಕಾದುದು ಇಚ್ಛೆಗೆ. ದಿಂಬಿನ ಲೆಕ್ಕ ಅದಕ್ಕೊಂದು ಸಾಧನ.

ಐದು ಜನರ ಒಂದು ಸಂಸಾರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ತಲೆಗೊಂದರಂತೆ 5 ದಿಂಬು, ಬರುವ ಅತಿಥಿಗಳಿಗೆ 4, ಹಿರಿಯರು ಒರಗಲು 2 ಲೋಡು, ಪಡಸಾಲೆಗೆ 4, ಒಟ್ಟು 15. ಮನೆಯವರೆಲ್ಲ ಸೇರಿ ಎಣಿಸಿದಾಗ 31 ಇವೆಯೆಂದು ಕಂಡರೆ 16 ಹೆಚ್ಚುವರಿ. ‘ನಮ್ಮ ಮಿತಿ 100’ ಎಂದು ವ್ರತ ತೆಗೆದುಕೊಂಡರೆ ಅಂಕೆ ಇದ್ದರೂ ವ್ರತವಿಲ್ಲ. ಉಪಯುಕ್ತವಾದ ವಸ್ತುಗಳಲ್ಲಿಯೂ ಇನ್ನಷ್ಟು ಕಡಿಮೆ ಮಾಡುವುದು ರಾಗವನ್ನು ತೆಳುವಾಗಿಸುವುದಕ್ಕಾಗಿ ಎಂಬ ಆಚಾರ್ಯರ ಅಭಿಪ್ರಾಯವನ್ನು ಮರೆಯಬಾರದು.

ಕಾಲಮಿತಿಯುಳ್ಳದ್ದು ನಿಯಮ, ಜೀವಾವಧಿಯದು ಯಮ. ಭೋಜನ, ವಾಹನ, ಶಯನ ಮೊದಲಾದವಕ್ಕೆ ಒಂದು ದಿನ, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂಬ ಅವಧಿಗಳು ಶ್ರಾವಕಾಚಾರದಲ್ಲಿ ಉಕ್ತವಾಗಿವೆ. ಹೊಸಬರು ಆರು ತಿಂಗಳ ಒಂದು ಅಯನಕ್ಕೆ ‘ಹೊಸ ದಿಂಬು ಕೊಳ್ಳುವುದಿಲ್ಲ’ ಎಂಬ ನಿಯಮದಿಂದ ಆರಂಭಿಸಬಹುದು. ಎಣಿಕೆಯನ್ನು ಮಳೆ ಹಿಡಿಯುವ ಮುಂಚೆ, ವೈಶಾಖ ಜ್ಯೇಷ್ಠಗಳಲ್ಲಿಯೇ ಮುಗಿಸುವುದು ಕ್ಷೇಮ. ಆಗ ವಸ್ತುಗಳು ಒಣಗಿರುತ್ತವೆ, ಜೀವಬಾಧೆಯೂ ಕಡಿಮೆ. ದಶಲಕ್ಷಣ ಪರ್ವದ ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ ಧರ್ಮದ ಚಿಂತನೆ ನಡೆಯುವಾಗ, ಹಾಕಿಕೊಂಡ ಮಿತಿಯನ್ನು ಜಿನಬಿಂಬದ ಮುಂದೆ ನೆನೆದು ದೃಢಪಡಿಸಿಕೊಳ್ಳಬಹುದು.

ನುಣುಚಿಕೊಳ್ಳುವ ದಾರಿಗಳು

ಮನಸ್ಸು ವ್ರತವನ್ನು ಮುರಿಯದೆ ವ್ರತದಿಂದ ತಪ್ಪಿಸಿಕೊಳ್ಳುವ ದಾರಿಗಳನ್ನು ಹುಡುಕುತ್ತದೆ. 13ನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಇದನ್ನು ಸೂಕ್ಷ್ಮವಾಗಿ ಗುರುತಿಸಿದ್ದಾರೆ. ನಡುವಿನ ಗೋಡೆಯನ್ನೋ ಬದುವನ್ನೋ ತೆಗೆದು ಎರಡನ್ನು ಒಂದೆಂದು ಎಣಿಸುವುದು, ಮಿತಿಮೀರಿದ ಚಿನ್ನವನ್ನು ಇತರರ ಕೈಗೆ ಕೊಟ್ಟಿಡುವುದು, ಕುಪ್ಯದ ಸಂಖ್ಯೆಯನ್ನು ಉಳಿಸಿಕೊಂಡು ರೂಪವನ್ನು ಬದಲಿಸುವುದು, ಇವೆಲ್ಲ ಅತಿಚಾರಗಳೇ. ದಿಂಬಿನಲ್ಲಿಯೂ ಇದೇ ನಡೆಯುತ್ತದೆ. ಎರಡು ದಿಂಬುಗಳ ಹತ್ತಿಯನ್ನು ಒಂದೇ ದೊಡ್ಡ ಗವಸಿಗೆ ತುಂಬುವುದು, ‘ಇವು ಮಗಳ ಹೆಸರಿನವು’ ಎಂದು ಬೇರೆ ಲೆಕ್ಕ ಹಾಕುವುದು, ಗವಸುಗಳನ್ನು ಮಾತ್ರ ಮಡಚಿಟ್ಟು ‘ಇವು ದಿಂಬಲ್ಲ’ ಎನ್ನುವುದು. ಗಾಳಿ ಹೀರಿದ ಪ್ಲಾಸ್ಟಿಕ್ ಚೀಲದಲ್ಲಿ ಹತ್ತು ದಿಂಬುಗಳನ್ನು ಒಂದಾಗಿ ಅದುಮಿಡಬಹುದು. ಜಾಗ ಉಳಿಯುತ್ತದೆ, ಸಂಖ್ಯೆ ಹತ್ತೇ ಉಳಿಯುತ್ತದೆ.

ಕೊಡುವುದು, ಇಡುವುದು

ಹೆಚ್ಚುವರಿಯಾದುದನ್ನು ಗಟ್ಟಿಯಾಗಿರುವಾಗಲೇ ಕೊಡಬೇಕು. ಬೂಷ್ಟು ಹಿಡಿದುದನ್ನು ಕೊಟ್ಟರೆ ಅದು ದಾನವಾಗದು. ನಮ್ಮ ಕಸವನ್ನು ಇನ್ನೊಬ್ಬರ ಮನೆಗೆ ಸಾಗಿಸಿದಂತಾಗುತ್ತದೆ. ದಿಂಬು ಪಾತ್ರದಾನದ ವಸ್ತುವಲ್ಲ. ಭೂಶಯನವು ಮುನಿಗಳ 28 ಮೂಲಗುಣಗಳಲ್ಲಿ ಒಂದು. ಇದನ್ನು ಕರುಣಾದಾನವಾಗಿ ವಿದ್ಯಾರ್ಥಿನಿಲಯ, ವೃದ್ಧಾಶ್ರಮ, ಯಾತ್ರಿಕರ ಧರ್ಮಶಾಲೆಗಳಿಗೆ, ಅವರಿಗೆ ಬೇಕೇ ಎಂದು ಮೊದಲೇ ಕೇಳಿ, ಗವಸು ಒಗೆದು ಕೊಡಬಹುದು.

ಮಿತಿಯೊಳಗೆ ಉಳಿಸಿಕೊಂಡವನ್ನು ನೆಲಕ್ಕೆ, ಗೋಡೆಗೆ ತಾಗದಂತೆ, ಗಾಳಿಯಾಡುವ ಕಡೆ ಹತ್ತಿಬಟ್ಟೆಯಲ್ಲಿ ಸುತ್ತಿಡಬೇಕು. ಗವಸು ಪೂರ್ತಿ ಒಣಗಿರಬೇಕು. ಒಣಗಿದ ಬೇವಿನ ಎಲೆ, ಲಾವಂಚದ ಬೇರು ಇಡುವ ನಮ್ಮ ಹಿರಿಯರ ರೂಢಿ ಒಳ್ಳೆಯದು. ಪಕ್ಷಕ್ಕೊಮ್ಮೆ ತೆಗೆದು ನೋಡಿ, ಮೃದುವಾದ ಬಟ್ಟೆಯಿಂದ ಪ್ರಮಾರ್ಜನೆ ಮಾಡಿ, ಎಳೆಬಿಸಿಲು ತೋರಿಸಬೇಕು. ಪಕ್ಷಕ್ಕೊಮ್ಮೆ ನೋಡಲಾಗದಷ್ಟು ವಸ್ತುಗಳಿದ್ದರೆ ಮಿತಿಯೇ ದೊಡ್ಡದಾಯಿತೆಂದು ತಿಳಿಯಬೇಕು.

ಶಂಕೆ ಮತ್ತು ಸಮಾಧಾನ

ಶಂಕೆ: ತೀರಿಹೋದ ತಾಯಿಯವರು ತಮ್ಮ ಕೈಯಾರೆ ಕಸೂತಿ ಹಾಕಿದ ದಿಂಬುಗಳಿವೆ. ಅವನ್ನು ಹೇಗೆ ಬಿಡುವುದು?

ಸಮಾಧಾನ: ಈ ನೋವು ಸಹಜ, ಇದನ್ನು ಕಡೆಗಣಿಸಲಾಗದು. ಅವುಗಳಲ್ಲಿ ಒಂದನ್ನು ಮಿತಿಯೊಳಗೆ ಸೇರಿಸಿ ದಿನವೂ ಬಳಸಿರಿ. ಉಳಿದವನ್ನು ಅಕ್ಕತಂಗಿಯರಿಗೆ, ಮೊಮ್ಮಕ್ಕಳಿಗೆ ಹಂಚಿರಿ. ತಾಯಿಯವರು ಹೊಲಿದದ್ದು ಯಾರಾದರೂ ತಲೆಯಿಡಲಿ ಎಂದು. ಅಟ್ಟದಲ್ಲಿ ಹುಳು ಹಿಡಿಯುತ್ತಿರುವ ಹತ್ತು ದಿಂಬುಗಳಿಂದ ಅವರ ನೆನಪಿಗೆ ಗೌರವ ಸಲ್ಲುವುದಿಲ್ಲ.

ಶಂಕೆ: ವ್ರತ ತೆಗೆದುಕೊಂಡ ಮೇಲೆ ಉಡುಗೊರೆ ಬಂದರೆ?

ಸಮಾಧಾನ: ವಿನಯದಿಂದ ಬೇಡವೆನ್ನಬಹುದು. ಕೊಡುವವರ ಮನಸ್ಸು ನೋಯುವಂತಿದ್ದರೆ ಸ್ವೀಕರಿಸಿ, ಬಂದಷ್ಟನ್ನೇ ತಡಮಾಡದೆ ಬೇರೆಯವರಿಗೆ ಕೊಡಬೇಕು. ಈ ರಿಯಾಯಿತಿಯನ್ನು ವ್ರತ ಸ್ವೀಕರಿಸುವಾಗಲೇ ಹೇಳಿಕೊಂಡಿರುವುದು ಒಳ್ಳೆಯದು.

ಶಂಕೆ: ಮನೆಯ ಯಜಮಾನರು ವ್ರತಿಗಳು, ಸೊಸೆಗೆ ಅಲಂಕಾರದಲ್ಲಿ ಆಸಕ್ತಿ. ಏನು ಮಾಡಬೇಕು?

ಸಮಾಧಾನ: ವ್ರತವನ್ನು ಇನ್ನೊಬ್ಬರ ಮೇಲೆ ಹೇರಿದರೆ ಕಷಾಯ ಬೆಳೆಯುತ್ತದೆಯೇ ಹೊರತು ಪರಿಗ್ರಹ ಕಡಿಮೆಯಾಗದು. ಮಾವನವರು ತಮ್ಮ ಕೋಣೆಯ ವಸ್ತುಗಳನ್ನು, ತಮ್ಮ ಪೆಟ್ಟಿಗೆಯ ಶಾಲುಗಳನ್ನು ಮೊದಲು ಎಣಿಸಲಿ. ಉಳಿದವರು ನೋಡಿ ಕಲಿಯುತ್ತಾರೆ.

ಉಪವಾಸದ ರಾತ್ರಿಯ ಹಾಸು

ಪ್ರೋಷಧೋಪವಾಸದ ದಿನ ಶ್ರಾವಕನು ಆಹಾರವನ್ನು ಬಿಡುವುದರೊಡನೆ ಶರೀರದ ಅಲಂಕಾರವನ್ನೂ ಬಿಡುತ್ತಾನೆ. ನೋಡದೆ, ಪ್ರಮಾರ್ಜನೆ ಮಾಡದೆ ಹಾಸನ್ನು ಹರಡುವುದು ಆ ವ್ರತದ ಐದು ಅತಿಚಾರಗಳಲ್ಲಿ ಒಂದು. ಅಂದು ಒಂದು ಚಾಪೆ ಸಾಕಾಗುತ್ತದೆ. ಸಾಕೆಂಬುದು ಅನುಭವಕ್ಕೆ ಬರುತ್ತದೆ. ಆ ಅನುಭವವನ್ನು ಪಾರಣೆಯ ದಿನ ಮರೆಯದಿದ್ದರೆ ಉಪವಾಸ ಫಲಿಸಿದಂತೆ.

ಕ್ಷಪಕನ ಅಂತಿಮ ಸಂಸ್ತರಕ್ಕೆ ಭಗವತೀ ಆರಾಧನೆಯು ಭೂಮಿ, ಶಿಲೆ, ಹಲಗೆ, ಹುಲ್ಲು ಎಂಬ ನಾಲ್ಕನ್ನೇ ಹೇಳುತ್ತದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸಮಾಧಿಮರಣವನ್ನು ಪಡೆದವರ ಶಾಸನಗಳು ಕ್ರಿ.ಶ. 7ನೆಯ ಶತಮಾನದಿಂದಲೂ ಇವೆ. ಅವರು ಬರಿಯ ಶಿಲೆಯ ಮೇಲೆ ಮಲಗಲು ಒಂದೇ ದಿನದಲ್ಲಿ ಕಲಿತವರಲ್ಲ. ಒಂದೊಂದನ್ನೇ ಬಿಡುತ್ತ ಬಂದವರು. ಇಂದು ಬೇಡದ ದಿಂಬನ್ನು ಬಿಡಲಾರದ ಮನಸ್ಸು ನಾಳೆ ದೇಹಮಮತ್ವವನ್ನು ಹೇಗೆ ಬಿಟ್ಟೀತು? ಆದ್ದರಿಂದ ಶ್ರಾವಕ ಶ್ರಾವಿಕೆಯರು ಈ ಮಳೆಗಾಲಕ್ಕೆ ಮುನ್ನ ಒಮ್ಮೆ ಅಟ್ಟವನ್ನು ಹತ್ತಿ ಎಣಿಸಲಿ.

ಸ್ವಾಧ್ಯಾಯದ ಪ್ರಶ್ನೆಗಳು

1. ದಿಂಬು ಮತ್ತು ಅದರ ಗವಸು ಬಾಹ್ಯ ಪರಿಗ್ರಹದ ಯಾವ ಯಾವ ಭೇದಗಳಲ್ಲಿ ಸೇರುತ್ತವೆ?
2. ಉಪಭೋಗ-ಪರಿಭೋಗ ಅನರ್ಥಕ್ಯವೆಂದರೇನು? ನಿಮ್ಮ ಮನೆಯಿಂದಲೇ ಒಂದು ಉದಾಹರಣೆ ಕೊಡಿರಿ.
3. ಯಮ ಮತ್ತು ನಿಯಮಗಳಿಗೆ ಭೇದವೇನು?
4. ಎರಡು ದಿಂಬುಗಳನ್ನು ಕೂಡಿಸಿ ಒಂದು ಮಾಡಿದರೆ ಅತಿಚಾರವೇಕೆ?
5. ನಿಮ್ಮ ಮನೆಯಲ್ಲಿ ಇರುವವು ಎಷ್ಟು, ಬೇಕಾದವು ಎಷ್ಟು?