ಪ್ರವಾಸಿಗರ ಎಂಜಲೂಟ ಮತ್ತು ನಮ್ಮ ಹಸುವಿನ ಹೊಟ್ಟೆ



ಗುಂಡ್ಲುಪೇಟೆ ಬೇಸಾಯಗಾರರ ಊರು. ಇಲ್ಲಿಂದ ಒಂದು ರಸ್ತೆ ಬಂಡೀಪುರದ ಮೂಲಕ ಊಟಿಗೆ, ಇನ್ನೊಂದು ಮೂಲೆಹೊಳೆಯ ಮೂಲಕ ಕೇರಳಕ್ಕೆ ಹೋಗುತ್ತದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟವೂ ಹತ್ತಿರ. ಚೆಂಡುಹೂ, ಸೂರ್ಯಕಾಂತಿ ಅರಳುವ ಕಾಲದಲ್ಲಂತೂ ಹೊಲದ ಬದುವಿನಲ್ಲೂ ಕಾರುಗಳು ನಿಲ್ಲುತ್ತವೆ. ಇದರಿಂದ ಊರಿಗೆ ನಾಲ್ಕು ಕಾಸಿನ ವ್ಯಾಪಾರವುಂಟು, ಬೇಡವೆನ್ನಲಾಗದು. ಆದರೆ ಕಾಡಿನೊಳಗೆ ವಾಹನ ನಿಲ್ಲಿಸಿ ಉಣ್ಣುವಂತಿಲ್ಲ. ಆದ್ದರಿಂದ ಬುತ್ತಿ ಬಿಚ್ಚುವುದು ಕಾಡಿನ ಅಂಚಿಗೆ ಮುಂಚೆ, ನಮ್ಮ ದನ ಮೇಯುವ ಜಾಗದಲ್ಲಿ. ಉಳಿದ ಅನ್ನ ಪ್ಲಾಸ್ಟಿಕ್ ಚೀಲದ ಸಮೇತ ಅಲ್ಲೇ ಬೀಳುತ್ತದೆ.

ಒಂದು ಸೋಮವಾರ ಬೆಳಿಗ್ಗೆ ನನಗೆ ಕರೆ ಬಂತು. ಆರು ತಿಂಗಳ ಗಬ್ಬದ ಮಿಶ್ರತಳಿ ಹಸು ನೆಲ ಹಿಡಿದಿತ್ತು. ಭಾನುವಾರ ರಸ್ತೆ ಬದಿ ಸುರಿದ ಅನ್ನ ತಿಂದಿತ್ತಂತೆ. "ಪುಕ್ಕಟೆ ಮೇವು, ತಿನ್ನಲಿ ಎಂದು ಬಿಟ್ಟೆ ಸ್ವಾಮಿ" ಎಂದರು ಯಜಮಾನರು. ಚಿಕಿತ್ಸೆಗೆ ತಡವಾಗಿತ್ತು, ಹಸು ಉಳಿಯಲಿಲ್ಲ.

ಅನ್ನ ಹೇಗೆ ವಿಷವಾಗುತ್ತದೆ?

ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ನಾರಿನ ಮೇವನ್ನು ನಿಧಾನವಾಗಿ ಅರಗಿಸುತ್ತವೆ. ಒಮ್ಮೆಲೇ ಅನ್ನ, ಮುದ್ದೆ, ಹಿಟ್ಟು ಹೆಚ್ಚಾಗಿ ಸೇರಿದರೆ ಅದು ಬೇಗ ಹುಳಿತು ಆಮ್ಲವಾಗುತ್ತದೆ. ಉಪಯುಕ್ತ ಸೂಕ್ಷ್ಮಜೀವಿಗಳು ಸಾಯುತ್ತವೆ. ಮೈಯ ನೀರು ಹೊಟ್ಟೆಗೆ ಇಳಿದು ರಕ್ತ ಗಟ್ಟಿಯಾಗುತ್ತದೆ. ಮೆಲುಕು ನಿಲ್ಲುವುದು, ಹೊಟ್ಟೆ ಉಬ್ಬುವುದು, ಹುಳಿ ವಾಸನೆಯ ನೀರು ಸಗಣಿ, ಗುಳಿಬಿದ್ದ ಕಣ್ಣು, ತೂರಾಡುವ ನಡಿಗೆ ಇದರ ಲಕ್ಷಣಗಳು. ಎಂಜಲನ್ನು ದಿನವೂ ಸ್ವಲ್ಪ ಸ್ವಲ್ಪ ತಿನ್ನುವ ಹಸುವಿನ ಹಾಲಿನಲ್ಲಿ ಜಿಡ್ಡಿನಂಶ ಇಳಿಯುತ್ತದೆ. ಜಿಡ್ಡು ಇಳಿದರೆ ಬಟವಾಡೆಯೂ ಇಳಿಯುತ್ತದೆ.

ಪ್ಲಾಸ್ಟಿಕ್, ತಂತಿಯ ಅಪಾಯ

ಪ್ಲಾಸ್ಟಿಕ್ ಅರಗುವುದೂ ಇಲ್ಲ, ಸುಲಭವಾಗಿ ಹೊರಬೀಳುವುದೂ ಇಲ್ಲ. ಹೊಟ್ಟೆಯಲ್ಲೇ ಉಂಡೆಗಟ್ಟುತ್ತದೆ. ಹಸು ಆಗಾಗ ಉಬ್ಬರಿಸುತ್ತದೆ, ಬಡವಾಗುತ್ತದೆ, ಹಾಲು ಕಡಿಮೆಯಾಗುತ್ತದೆ. ಇದನ್ನು ಕರಗಿಸುವ ಔಷಧಿ ಇಲ್ಲ, ಶಸ್ತ್ರಚಿಕಿತ್ಸೆಯೊಂದೇ ದಾರಿ. ಕಸದೊಂದಿಗೆ ಹೋದ ತಂತಿ, ಮೊಳೆ ಎರಡನೇ ಹೊಟ್ಟೆಯನ್ನು ಚುಚ್ಚಿ ಹೃದಯದವರೆಗೂ ಹೋಗಬಹುದು. ಹಸು ಮುಂಗಾಲಿನ ಮೊಣಕೈ ಹೊರಚಾಚಿ ನಿಂತರೆ, ಎದೆಯ ಕೆಳಗೆ ಬಾವು ಬಂದರೆ ತಡಮಾಡಬೇಡಿ.

ನೀವು ಮಾಡಬೇಕಾದ್ದು

1. ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ರಸ್ತೆ ಬದಿಗೆ ದನ ಬಿಡಬೇಡಿ. ಕೊಟ್ಟಿಗೆಯಲ್ಲೇ ಹಸಿರು ಮೇವು, ಒಣಹುಲ್ಲು ಕೊಡಿ.

2. ಹಾಲು ಕೊಡುವ ಹಸುವಿಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, 30 ಗ್ರಾಂ ಉಪ್ಪು ಕೊಡಿ. ಇವು ಕಡಿಮೆಯಾದ ಹಸು ಸಿಕ್ಕಿದ್ದೆಲ್ಲ ಅಗಿಯುತ್ತದೆ.

3. ಅನ್ನ ತಿಂದದ್ದು ಗೊತ್ತಾದರೆ ಲಕ್ಷಣಕ್ಕೆ ಕಾಯದೆ ಪಶುವೈದ್ಯರನ್ನು ಕರೆಯಿರಿ. ಹಿಂಡಿ, ಬೂಸಾ ನಿಲ್ಲಿಸಿ ಒಣಹುಲ್ಲು ಮಾತ್ರ ಇಡಿ. ವೈದ್ಯರು ಬರುವುದರೊಳಗೆ 100 ಗ್ರಾಂ ಅಡಿಗೆ ಸೋಡಾವನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ, ತಲೆ ಹೆಚ್ಚು ಎತ್ತದೆ, ನಿಧಾನವಾಗಿ ಕುಡಿಸಬಹುದು. ಮಲಗಿದ ಹಸುವಿಗೆ ಏನನ್ನೂ ಕುಡಿಸಬೇಡಿ, ಶ್ವಾಸಕೋಶಕ್ಕೆ ಹೋದೀತು.

4. ಹೊಲದ ಬದಿ ಕಾರು ನಿಲ್ಲಿಸಿದವರಿಗೆ, ಉಳಿದ ಊಟ ಮತ್ತು ಚೀಲವನ್ನು ಕೊಂಡೊಯ್ಯಿರೆಂದು ಸಮಾಧಾನದಿಂದ ಹೇಳಿ. ಇಂಥ ಜಾಗದಲ್ಲಿ ಒಂದು ಕಸದ ಡಬ್ಬ, ಒಂದು ಫಲಕ ಇಡಿಸುವ ವಿಷಯವನ್ನು ಮುಂದಿನ ಸಂಘದ ಸಭೆಯಲ್ಲಿ ಎತ್ತಿ, ಗ್ರಾಮ ಪಂಚಾಯಿತಿಗೆ ಬರೆಯಿರಿ.

ಬಂದವರು ಸಂಜೆಗೆ ಊರಿಗೆ ಹಿಂತಿರುಗುತ್ತಾರೆ. ಮರುದಿನ ಬೆಳಿಗ್ಗೆ ಹಾಲು ಕರೆಯಬೇಕಾದವರು ನೀವು. ಪುಕ್ಕಟೆ ಮೇವೆಂದು ಮೋಸಹೋಗಬೇಡಿ.